ಯಾವ ಆಟಕ್ಕೆ ಯಾವ ಕಸುವು

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಬಂದಿರುವ ತಂದೆತಾಯಿಯರೇ, ಇಂದು ದೈಹಿಕ ಶಿಕ್ಷಣದ ಪದವಿ ಪಡೆಯುತ್ತಿರುವ ಗೆಳೆಯ ಗೆಳತಿಯರೇ,

2025ರ ಜನವರಿ 19ರಂದು ದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಖೋ-ಖೋದ ಮೊದಲ ವಿಶ್ವಕಪ್ ಫೈನಲ್ ನಡೆಯಿತು. ಭಾರತದ ವನಿತೆಯರು ನೇಪಾಳವನ್ನು 78-40ರಿಂದ ಮಣಿಸಿದರು. ಆ ತಂಡದ ಬಿ. ಚೈತ್ರಾ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಗೆದ್ದು ಬಂದವರಿಗೆ ಸರ್ಕಾರ ಘೋಷಿಸಿದ ಬಹುಮಾನ ಸಾಲದೆಂದು ಆಮೇಲೆ ಚರ್ಚೆ ನಡೆಯಿತು; ನಡೆಯಬೇಕಾದದ್ದೇ. ನನ್ನ ಪ್ರಶ್ನೆ ಬೇರೆ. ನಾಳೆ ನಿಮ್ಮ ಶಾಲೆಯ ಅಂಗಳದಲ್ಲಿ ಅಂಥದೇ ಒಬ್ಬ ಹುಡುಗಿ ಬಂದು, “ಸಾರ್, ಕಾಲಲ್ಲಿ ಕಸುವು ಸಾಲ್ತಿಲ್ಲ” ಎಂದರೆ ಏನು ಮಾಡಿಸುತ್ತೀರಿ?

ಬಹಳ ಮಂದಿ ಮೊಬೈಲು ತೆಗೆದು ಯಾರದೋ ಜಿಮ್ ಪಟ್ಟಿ ಹುಡುಕುತ್ತಾರೆ. ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ತೋಳು. ಮೈಕಟ್ಟು ತೋರಿಸುವವರಿಗೆ ಅದು ಸರಿಹೋದೀತು. ನೀವು ಮಾತ್ರ ಪಟ್ಟಿಗೆ ಮೊದಲು ಆಟವನ್ನು ನೋಡಿ.

ಖೋ-ಖೋದಲ್ಲಿ ಚೇಸರ್‌ಗಳು ಚೌಕದಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಬೆನ್ನಿಗೆ ‘ಖೋ’ ಬಿದ್ದ ಕ್ಷಣ ಮಡಿಸಿದ ಮಂಡಿಯಿಂದಲೇ ಎದ್ದು ಎರಡು ಹೆಜ್ಜೆಯೊಳಗೆ ಪೂರ್ತಿ ವೇಗ ಹಿಡಿಯಬೇಕು. ಒಂದು ದಿಕ್ಕು ಹಿಡಿದರೆ ಕಂಬದ ತನಕ ಹಿಂದಿರುಗುವಂತಿಲ್ಲ. ರನ್ನರ್‌ಗೆ ಆ ಕಟ್ಟುಪಾಡಿಲ್ಲ; ಅವಳು ಓಡುತ್ತ ಓಡುತ್ತಲೇ ಒಂದೇ ಕಾಲಿನ ಮೇಲೆ ನಿಂತು, ಸೊಂಟ ತಿರುಗಿಸಿ, ಇನ್ನೊಂದು ಕಡೆ ಜಾರಿಕೊಳ್ಳುತ್ತಾಳೆ. ಹಾಗಾಗಿ ಈ ಆಟದಲ್ಲಿ ಓಡುವ ಕಸುವಿಗಿಂತ ನಿಲ್ಲುವ ಕಸುವು ಹೆಚ್ಚು ಬೇಕು ಎಂಬುದು ನನ್ನ ಅಭಿಪ್ರಾಯ. ಮಂಡಿಯ ಒಳಗಿನ ಅಸ್ಥಿರಜ್ಜು ಹರಿಯುವುದೂ ಹೆಚ್ಚಾಗಿ ಹೀಗೆ ಥಟ್ಟನೆ ನಿಲ್ಲುವಾಗ, ತಿರುಗುವಾಗ. ಹುಡುಗರಿಗಿಂತ ಹುಡುಗಿಯರಿಗೆ ಆ ಅಪಾಯ ಜಾಸ್ತಿ.

ಇಷ್ಟು ತಿಳಿದರೆ ಅರ್ಧ ಪಟ್ಟಿ ತಾನೇ ಸಿದ್ಧವಾಗುತ್ತದೆ. ಶಾಲೆಯ ಜಗಲಿಯ ಮೇಲೆ ಒಂದೊಂದೇ ಕಾಲಿನಲ್ಲಿ ಹತ್ತಿ, ನಿಧಾನವಾಗಿ ಇಳಿಯುವುದು. ಮಂಡಿಯೂರಿ ಕೂತು, ಗೆಳತಿ ಹಿಮ್ಮಡಿ ಒತ್ತಿ ಹಿಡಿದಾಗ ಮೈಯನ್ನು ತಡೆತಡೆದು ಮುಂದಕ್ಕೆ ಬಾಗಿಸುವುದು. ನಾರ್ಡಿಕ್ ಎಂದು ಕರೆಯುವ ಈ ವ್ಯಾಯಾಮ ತೊಡೆಯ ಹಿಂಭಾಗದ ಸ್ನಾಯುಗಾಯಗಳನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆಂದು ಅಧ್ಯಯನಗಳು ಹೇಳುತ್ತವೆ. ಹಾರಿ, ಮಂಡಿ ಒಳಕ್ಕೆ ವಾಲದಂತೆ ಸದ್ದಿಲ್ಲದೆ ಇಳಿಯುವುದು. ಡೈವ್ ಹೊಡೆಯುವ ಭುಜಕ್ಕೆ ದಂಡ. ಭಾರಕ್ಕೆ ಗೋಣಿಚೀಲದಲ್ಲಿ ಮರಳು ತುಂಬಿಸಿ, ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಮೇಲೆ ಕಿಲೋ ಬರೆದಿಡಿ. ವಾರಕ್ಕೆ ಎರಡು ದಿನ, ನಡುವೆ ಎರಡು ದಿನದ ಬಿಡುವು. ಮೊದಲಿಗೆ ಎರಡು ಸೆಟ್, ಆರಾರು ಸಲ. ಇನ್ನೆರಡು ಸಲ ಮಾಡಬಲ್ಲೆ ಅನ್ನುವಾಗಲೇ ನಿಲ್ಲಿಸಬೇಕು. ಆರೂ ಸಲೀಸಾದ ಮೇಲೆ ಮರಳು ಹೆಚ್ಚಿಸಿ.

ಹೀಗೆ ಭಾರ ಏರಿಸುವುದೇನೂ ಪರದೇಶದ ವಿದ್ಯೆಯಲ್ಲ. 1945ರಲ್ಲಿ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್ ಗಾಯಾಳು ಸೈನಿಕರಿಗಾಗಿ ಕ್ರಮೇಣ ಭಾರ ಏರಿಸುವ ಪದ್ಧತಿಯನ್ನು ಬರೆದು ಪ್ರಕಟಿಸಿದ, ನಿಜ. ಆದರೆ ನಮ್ಮ ಮೈಸೂರು ಸೀಮೆಯ ಗರಡಿಗಳಲ್ಲೂ ಹೊಸಬನ ಕೈಗೆ ಯಾವ ವಸ್ತಾದನೂ ದೊಡ್ಡ ಗದೆ ಕೊಟ್ಟವನಲ್ಲ. ಸುತ್ತೂರು ಜಾತ್ರೆಯ ಕುಸ್ತಿ, ದಸರಾ ಕುಸ್ತಿ ನೋಡಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಗರಡಿಯ ಹೆಸರಿನಲ್ಲಿ ಎಲ್ಲರಿಗೂ ಐನೂರು ಬಸ್ಕಿ ಹೊಡೆಸಬೇಡಿ. ಪೈಲ್ವಾನನ ದಮ್ಮಿಗೆ ಅದು ಬೇಕಿತ್ತು. ಚಿಮ್ಮಿ ಏಳಬೇಕಾದ ಹುಡುಗಿಗೆ ಅದರಿಂದ ಬರುವುದು ಬಳಲಿಕೆ. ಭಾರದ ಮಾತೂ ಹಾಗೆಯೇ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. ಅವರಿಗೆ ಭಾರ ಎತ್ತುವುದೇ ಆಟ. ನಿಮ್ಮ ಖೋ-ಖೋ ತಂಡಕ್ಕೆ ಭಾರ ಬರಿಯ ಸಾಧನ, ಎಷ್ಟು ಎತ್ತಿದರು ಎಂಬುದಕ್ಕೆ ಪದಕವಿಲ್ಲ.

ಬಸ್ಕಿ ಅಂದೆ. ತಡವಾಗಿ ಬಂದವರಿಗೆ ಬಸ್ಕಿ, ಗಲಾಟೆ ಮಾಡಿದವರಿಗೆ ಬಸ್ಕಿ ಎಂಬ ಪಿ.ಟಿ. ಮೇಷ್ಟ್ರುಗಳ ಹಳೇ ಪದ್ಧತಿಯನ್ನು ದಯವಿಟ್ಟು ನಿಮ್ಮ ತಲೆಮಾರಿನಲ್ಲಾದರೂ ನಿಲ್ಲಿಸಿ. ಶಿಕ್ಷೆಯೆಂದು ಕಲಿತದ್ದನ್ನು ಯಾವ ಮಗುವೂ ಮನಸ್ಸಿಟ್ಟು ಮಾಡುವುದಿಲ್ಲ.

ಇನ್ನೊಂದು ಲೆಕ್ಕ ಪುಸ್ತಕದಲ್ಲಿ ಸಿಗದು. ಕಬಿನಿ, ಕಾವೇರಿ ನಾಲೆಗೆ ನೀರು ಬಿಟ್ಟರೆ ನಮ್ಮ ಕಡೆ ನಾಟಿ ಶುರು. ಭಾನುವಾರವಿಡೀ ಗದ್ದೆಯಲ್ಲಿ ಬಗ್ಗಿ ಪೈರು ನೆಟ್ಟ ಹುಡುಗಿ ಸೋಮವಾರ ನಿಮ್ಮ ಮುಂದೆ ನಿಲ್ಲುತ್ತಾಳೆ. ಅವಳ ಸೊಂಟ, ತೊಡೆ ಆಗಲೇ ದುಡಿದಿವೆ. ಆ ದಿನದ ಮರಳುಚೀಲ ಬಿಡಿ. ಬೆಳಿಗ್ಗೆ ಏನು ತಿಂದೆ ಎಂದು ಕೇಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸಿದ ಮೇಲೆಯೇ ತರಬೇತಿ ಹೆಚ್ಚಿಸಿ. ರಾಗಿ ಮುದ್ದೆ, ಹುರುಳಿ ಸಾರು, ಮೊಟ್ಟೆ ಇರುವಾಗ ಪುಡಿ ಡಬ್ಬದ ಮಾತು ಬೇಡ.

ತಾಯಂದಿರಿಗೂ ಒಂದು ಮಾತು. ಹೆಣ್ಣುಮಕ್ಕಳು ಭಾರ ಎತ್ತಬಾರದು, ಎತ್ತರ ಬೆಳೆಯುವುದಿಲ್ಲ ಎನ್ನುತ್ತೀರಿ. ಹುಲ್ಲಿನ ಹೊರೆ ಹೊರುವಾಗ ಯಾರೂ ಈ ಮಾತು ಆಡಲಿಲ್ಲ. ತಿಳಿದವರ ಕಣ್ಣೆದುರು ಕ್ರಮವಾಗಿ ಮಾಡಿದರೆ ಬೆಳವಣಿಗೆಗೆ ಏನೂ ಕುಂದಿಲ್ಲ, ಮೂಳೆ ಗಟ್ಟಿಯಾಗುತ್ತದೆ.

ಗೆಳೆಯರೇ, ಕೆಲಸಕ್ಕೆ ಸೇರಿದ ಮೊದಲ ವಾರ ಏನನ್ನೂ ಮಾಡಿಸಬೇಡಿ, ಮಕ್ಕಳು ಆಡುವುದನ್ನು ನೋಡಿ. ಆಮೇಲೆ ಪ್ರತಿ ಮಗುವಿಗೂ ನೋಟುಬುಕ್ಕಿನಲ್ಲಿ ಒಂದು ಪುಟ ಮೀಸಲಿಟ್ಟು, ಎತ್ತಿದ ಭಾರ, ನೋವು, ಊಟ, ನಿದ್ದೆ ಬರೆದಿಡಿ. ನಿಮಗೆ ಬೇರೆ ಊರಿಗೆ ವರ್ಗವಾದರೆ ಆ ನೋಟುಬುಕ್ಕನ್ನು ನಿಮ್ಮ ಜಾಗಕ್ಕೆ ಬರುವವರ ಕೈಗೆ ಕೊಟ್ಟು ಹೋಗಿ.