ಲೌಂಜಿನ ಬಾಗಿಲಲ್ಲಿ ಮಗುವಿನ ಲೆಕ್ಕ

(ರಾಜಾಜಿನಗರದಲ್ಲಿ ಕಾರ್ಮಿಕರೂ ಸಣ್ಣ ವರ್ತಕರೂ ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ಈ ದಿನದ ವಿಷಯವನ್ನು ಅಧ್ಯಕ್ಷರು ಓದಿದಾಗ ನಿಮ್ಮಲ್ಲಿ ಕೆಲವರು ನಕ್ಕಿರಿ. ಕ್ರೆಡಿಟ್ ಕಾರ್ಡು ತೋರಿಸಿ ವಿಮಾನ ನಿಲ್ದಾಣದ ಲೌಂಜಿಗೆ ಮಕ್ಕಳನ್ನು ಕರೆದುಕೊಂಡು ಹೋಗುವ ವಿಚಾರ! ಬೋನಸ್ಸಿನ ಮಾತಿಲ್ಲ, ಅಂಗಡಿ ಬಾಡಿಗೆಯ ಮಾತಿಲ್ಲ, ಇದು ನಮಗೇಕೆ ಎಂದು ಹಿಂದಿನ ಸಾಲಿನಿಂದ ಬಂದ ಪ್ರಶ್ನೆ ನನಗೂ ಕೇಳಿಸಿತು. ನ್ಯಾಯವಾದ ಪ್ರಶ್ನೆಯೇ. ಆದರೆ ರಾಜಾ ಮಿಲ್ಲಿನ ಜಾಗದಲ್ಲಿ ಈಗ ಮಾಲು ನಿಂತಿದೆ. ಅಲ್ಲಿ ನೂಲು ತೆಗೆದವರ ಮೊಮ್ಮಕ್ಕಳು ಪುಣೆ, ದೆಹಲಿಗಳಲ್ಲಿ ಕೆಲಸ ಮಾಡುತ್ತಾ, ಹಬ್ಬಕ್ಕೆ ಬನ್ನಿ ಎಂದು ಅಪ್ಪ ಅಮ್ಮನಿಗೆ ವಿಮಾನದ ಟಿಕೆಟ್ಟು ಕಳಿಸುತ್ತಾರೆ. ಕಾರ್ಡು ಮಾರುವ ಹುಡುಗರು ವಿಜಯನಗರದ ಮೆಟ್ರೋ ಮೆಟ್ಟಿಲ ಬಳಿಯೂ ನಿಲ್ಲುತ್ತಾರೆ, ಬಸವೇಶ್ವರನಗರದ ದಿನಸಿ ಅಂಗಡಿಗೂ ಬರುತ್ತಾರೆ. "ಲೌಂಜ್ ಫ್ರೀ ಸಾರ್, ಫ್ಯಾಮಿಲಿ ಸಮೇತ ಹೋಗಬಹುದು" ಎನ್ನುತ್ತಾರೆ. ಈ "ಫ್ಯಾಮಿಲಿ ಸಮೇತ" ಎಂಬ ಎರಡು ಮಾತಿನ ಮೇಲೆಯೇ ನನ್ನ ಭಾಷಣ.

ಮೊದಲು ನನ್ನ ಮನೆಯ ಕಥೆ ಹೇಳಿಬಿಡುತ್ತೇನೆ. ಊರಿನ ಹೆಸರೂ ಬೇಡ, ಬ್ಯಾಂಕಿನ ಹೆಸರೂ ಬೇಡ. ಒಂದು ಮದುವೆ ಮುಗಿಸಿಕೊಂಡು ನಾನು, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಹಿಂದಿರುಗುತ್ತಿದ್ದೆವು. ದೊಡ್ಡವನಿಗೆ ಆರು ವರ್ಷ, ಚಿಕ್ಕವನಿಗೆ ಒಂದೂವರೆ. ವಿಮಾನ ಮೂರು ಗಂಟೆ ತಡ ಎಂದು ಹಲಗೆಯ ಮೇಲೆ ಬಂತು. ಮಗ ಹೊಸದಾಗಿ ಪಡೆದಿದ್ದ ಹೊಳೆಯುವ ಕಾರ್ಡನ್ನು ಹೆಮ್ಮೆಯಿಂದ ತೆಗೆದು, "ಬನ್ನಿ ಅಪ್ಪ, ಎಲ್ಲರೂ ಒಳಗೆ ಕೂತು ಊಟ ಮಾಡೋಣ" ಎಂದ. ಬಾಗಿಲಲ್ಲಿದ್ದ ಹುಡುಗಿ ಕಾರ್ಡು ಉಜ್ಜಿ, ಎರಡು ರೂಪಾಯಿ ಹಿಡಿದು, "ಈ ಕಾರ್ಡಿಗೆ ಒಬ್ಬರೇ ಸಾರ್, ಕಾರ್ಡಿನವರು ಮಾತ್ರ" ಎಂದಳು. ಸೊಸೆಯ ಹತ್ತಿರ ಸಂಬಳ ಬೀಳುವ ಖಾತೆಯ ಡೆಬಿಟ್ ಕಾರ್ಡೊಂದಿತ್ತು. ಆಶ್ಚರ್ಯವೆಂದರೆ ಅದೂ ನಡೆಯಿತು. ಎರಡು ವರ್ಷದೊಳಗಿನ ಕೂಸಿಗೆ ಹಣವಿಲ್ಲ. ಆರು ವರ್ಷದವನಿಗೆ? ದೊಡ್ಡವರಷ್ಟೇ ಪೂರ್ತಿ ಹಣ. ನನಗೂ ಪೂರ್ತಿ ಹಣ. ಎರಡೂ ಸೇರಿದರೆ ನಮ್ಮ ಮನೆಯ ನಾಲ್ಕು ದಿನದ ಖರ್ಚು.

ಕೊನೆಗೆ ಸೊಸೆಯೂ ಕೂಸೂ ಒಳಗೆ ಹೋದರು. ನಾವು ಮೂವರು ಹೊರಗೆ ಕಬ್ಬಿಣದ ಕುರ್ಚಿಯ ಮೇಲೆ ಕೂತೆವು. ಮೊಮ್ಮಗ ಗಾಜಿನ ಬಾಗಿಲನ್ನೇ ನೋಡುತ್ತಿದ್ದವನು, "ತಾತ, ತಮ್ಮನ ಹತ್ತಿರ ಕಾರ್ಡ್ ಇದೆಯಾ?" ಎಂದು ಕೇಳಿದ. ಐವತ್ತು ವರ್ಷ ಸಭೆಗಳಲ್ಲಿ ಮಾತನಾಡಿದ ನನಗೆ ಉತ್ತರ ತೋಚಲಿಲ್ಲ. ಹತ್ತು ನಿಮಿಷಕ್ಕೆಲ್ಲ ಸೊಸೆ ಹಾಲು ಕುಡಿಸಿಕೊಂಡು ಹೊರಗೆ ಬಂದುಬಿಟ್ಟಳು. "ಊಟ ಮಾಡಿದೆಯೇನಮ್ಮಾ?" ಎಂದರೆ, "ಇವನನ್ನು ಹೊರಗೆ ಕೂರಿಸಿ ಹೇಗೆ ಮಾಡಲಿ ಮಾವ" ಎಂದಳು.

ಬಾಗಿಲಲ್ಲಿದ್ದ ಹುಡುಗಿಯ ಮೇಲೆ ನನಗೆ ಕೋಪವಿಲ್ಲ. ಅವಳೂ ಕೂಲಿಯವಳೇ, ನಿಯಮ ಬರೆದವಳಲ್ಲ. ನಿಯಮ ಎಲ್ಲಿಂದ ಬರುತ್ತದೆ ಎಂಬುದನ್ನು ನಾವು ತಿಳಿಯಬೇಕು. ಲೌಂಜು ಬ್ಯಾಂಕಿನದಲ್ಲ. ಅದನ್ನು ನಡೆಸುವ ಕಂಪನಿ ಬೇರೆ, ಬ್ಯಾಂಕು ಬೇರೆ, ಬಹಳ ಕಡೆ ನಡುವೆ ಲೆಕ್ಕ ಇಡುವ ದಲ್ಲಾಳಿ ಕಂಪನಿ ಇನ್ನೊಂದು. ಒಳಗೆ ಹೋದ ಒಂದೊಂದು ತಲೆಗೆ ಇಷ್ಟೆಂದು ಬ್ಯಾಂಕಿನ ಕಡೆಯಿಂದ ಹಣ ಸಂದಾಯವಾಗುತ್ತದೆ. ಆದುದರಿಂದ ಬಾಗಿಲಲ್ಲಿ ಎಣಿಸುವುದು ತಲೆಯನ್ನು, ಸಂಸಾರವನ್ನಲ್ಲ. ಬಹುಪಾಲು ಲೌಂಜುಗಳಲ್ಲಿ ಎರಡು ವರ್ಷದೊಳಗಿನ ಕೂಸು ತಲೆಯೆನಿಸುವುದಿಲ್ಲ, ಅದರ ಮೇಲಿನದು ತಲೆ. ಎರಡು ಇಡ್ಲಿ ತಿನ್ನುವ ಮಗುವೂ ಎರಡು ತಟ್ಟೆ ಬಿರಿಯಾನಿ ತಿನ್ನುವ ಗೃಹಸ್ಥನೂ ಇಲ್ಲಿ ಸಮಾನರು. ಸಮಾನತೆ ಬೇಕೆಂದು ನಾವು ಹೋರಾಡಿದ್ದು ನಿಜ, ಆದರೆ ಇಂಥದಕ್ಕಲ್ಲ!

ದಲ್ಲಾಳಿಯ ಮಾತು ಬಂದದ್ದರಿಂದ ಒಂದು ಸಂಗತಿ ಹೇಳುತ್ತೇನೆ. ಡ್ರೀಮ್‌ಫೋಕ್ಸ್ ಎಂಬ ಕಂಪನಿ ಅನೇಕ ಬ್ಯಾಂಕುಗಳ ಪರವಾಗಿ ಈ ಲೆಕ್ಕ ನೋಡುತ್ತಿತ್ತು. 2025ರ ಸೆಪ್ಟೆಂಬರಿನಲ್ಲಿ ಅದು ದೇಶದೊಳಗಿನ ಲೌಂಜು ಸೇವೆಯನ್ನು ನಿಲ್ಲಿಸಿತು. ನಡುವಿನ ಕಂಪನಿ ಎದ್ದು ಹೋದರೆ ಕಾರ್ಡು ಕೈಯಲ್ಲಿದ್ದರೂ ಬಾಗಿಲು ತೆರೆಯದೆ ಹೋಗಬಹುದು. ಈ ಸೌಲಭ್ಯ ಹಕ್ಕಲ್ಲ, ಕಂಪನಿಗಳ ನಡುವಿನ ಕರಾರು. ಅವರು ಬಯಸಿದಾಗ ಕೊಡುತ್ತಾರೆ, ಬಯಸಿದಾಗ ಹಿಂತೆಗೆಯುತ್ತಾರೆ.

ಈಗ ಅಂಗಡಿಯವರು ಸ್ವಲ್ಪ ಕಿವಿಗೊಡಬೇಕು. ಈ "ಫ್ರೀ" ಊಟದ ಹಣ ಯಾರ ಜೇಬಿನದು? ನಿಮ್ಮ ಅಂಗಡಿಯ ಮೆಷಿನ್ನಿನಲ್ಲಿ ಗಿರಾಕಿ ಕ್ರೆಡಿಟ್ ಕಾರ್ಡು ಉಜ್ಜಿದರೆ ನೂರಕ್ಕೆ ಸುಮಾರು ಎರಡು ರೂಪಾಯಿ ಮುರಿದುಕೊಂಡು, ಅದರ ಮೇಲೆ ಜಿ.ಎಸ್.ಟಿ.ಯನ್ನೂ ಹಾಕಿ, ಉಳಿದದ್ದನ್ನು ನಿಮಗೆ ಕೊಡುತ್ತಾರೆ. ಅದರಲ್ಲಿ ದೊಡ್ಡ ಪಾಲು ಕಾರ್ಡು ಕೊಟ್ಟ ಬ್ಯಾಂಕಿಗೆ. ಲೌಂಜಿನ ಉಪ್ಪಿಟ್ಟಿನಲ್ಲಿ ನಿಮ್ಮ ಎಣ್ಣೆಯೂ ಇದೆ ಎಂದಾಯಿತು. ಯು.ಪಿ.ಐ.ಗೂ ರುಪೇ ಡೆಬಿಟ್ ಕಾರ್ಡಿಗೂ 2020ರ ಜನವರಿಯಿಂದ ಈ ಮುರಿತವಿಲ್ಲ. ರುಪೇ ಕ್ರೆಡಿಟ್ ಕಾರ್ಡನ್ನು ಯು.ಪಿ.ಐ.ಗೆ ಜೋಡಿಸಿ ಸಣ್ಣ ಅಂಗಡಿಯಲ್ಲಿ 2,000 ರೂಪಾಯಿಯವರೆಗೆ ಕೊಟ್ಟರೂ ಇಲ್ಲ. ಇದನ್ನು ತಿಳಿದುಕೊಂಡಿರಿ, ಗಿರಾಕಿಗೂ ನಯವಾಗಿ ಹೇಳಿ.

ಇನ್ನೊಂದು ಪಾಲು ಬರುವುದು ಬಡ್ಡಿಯಿಂದ. ಕಾರ್ಡಿನ ಬಿಲ್ಲನ್ನು ಪೂರ್ತಿ ಕಟ್ಟಿದವನಿಗೆ ಬಡ್ಡಿಯಿಲ್ಲ. "ಮಿನಿಮಮ್" ಎಂದು ಬರೆದಷ್ಟನ್ನೇ ಕಟ್ಟಿ ನಿಟ್ಟುಸಿರು ಬಿಟ್ಟವನಿಗೆ ಅನೇಕ ಕಾರ್ಡುಗಳಲ್ಲಿ ತಿಂಗಳಿಗೆ ಮೂರೂವರೆ ರೂಪಾಯಿಯ ಬಡ್ಡಿ, ವರ್ಷಕ್ಕೆ ನೂರಕ್ಕೆ ನಲವತ್ತರ ಮೇಲೆ. 2008ರಲ್ಲಿ ರಾಷ್ಟ್ರೀಯ ಗ್ರಾಹಕರ ಆಯೋಗವು ನೂರಕ್ಕೆ ಮೂವತ್ತಕ್ಕಿಂತ ಹೆಚ್ಚು ಬಡ್ಡಿ ಅನ್ಯಾಯದ ವ್ಯಾಪಾರವೆಂದು ತೀರ್ಪು ಕೊಟ್ಟಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಮೀಟರ್ ಬಡ್ಡಿಯವನನ್ನು ಬೀದಿಯಲ್ಲಿ ಬೈಯುತ್ತೇವೆ, ಇವರಿಗೆ ಟೈ ಇರುವುದರಿಂದ ಸುಮ್ಮನಿರುತ್ತೇವೆ.

ಈಚೆಗೆ ಇನ್ನೊಂದು ಕಟ್ಟಳೆ ಬಂದಿದೆ. ಕಾರ್ಡಿದ್ದರೆ ಸಾಲದು, ಅದರಲ್ಲಿ ಇಷ್ಟು ಖರ್ಚು ಮಾಡಿರಬೇಕು. 2024ರ ಏಪ್ರಿಲಿನಿಂದ ಐಸಿಐಸಿಐ ಬ್ಯಾಂಕು ತನ್ನ ಹಲವು ಕಾರ್ಡುಗಳಿಗೆ ಹಿಂದಿನ ಮೂರು ತಿಂಗಳಲ್ಲಿ 35,000 ರೂಪಾಯಿ ಖರ್ಚಾಗಿರಬೇಕೆಂದಿತು. ಅದೇ ಮೇ ತಿಂಗಳಿನಿಂದ ಆಕ್ಸಿಸ್ ಬ್ಯಾಂಕು ಕೆಲವು ಕಾರ್ಡುಗಳಿಗೆ 50,000 ಎಂದಿತು. ಮಗುವಿಗೆ ಒಂದು ಹೊತ್ತು ತಣ್ಣನೆಯ ಕೋಣೆಯಲ್ಲಿ ಊಟ ಸಿಗಲೆಂದು, ಬೇಡದ ಮಿಕ್ಸಿಯನ್ನೂ ಮೊಬೈಲನ್ನೂ ಸಾಲದಲ್ಲಿ ಕೊಂಡವರನ್ನು ನಾನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ.

ಹಾಗಾದರೆ ಲೌಂಜಿಗೆ ಹೋಗಲೇಬಾರದೇ? ಹಾಗೆನ್ನುವ ಸನ್ಯಾಸಿ ನಾನಲ್ಲ. 2008ರಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋಯಿತು. ಕೆಂಗೇರಿಯಿಂದ ಅಲ್ಲಿಗೆ ಇಡೀ ಊರನ್ನು ದಾಟಬೇಕು. ವಾಹನದಟ್ಟಣೆಗೆ ಹೆದರಿ ನಸುಕಿನಲ್ಲೇ ಹೊರಟ ತಾಯಿ ಎರಡು ಮೂರು ಗಂಟೆ ಮುಂಚೆ ತಲಪುತ್ತಾಳೆ. ಅಷ್ಟು ಹೊತ್ತಿಗೆ ಮಗುವಿಗೆ ಹಸಿವು, ನಿದ್ದೆ, ಹಟ ಮೂರೂ ಬಂದಿರುತ್ತವೆ. ಅವಳಿಗೆ ಮೆತ್ತನೆಯ ಕುರ್ಚಿ ಸಿಗುವುದು ತಪ್ಪೆಂದು ಯಾರು ಹೇಳಬಲ್ಲರು? ಕೈಯಲ್ಲಿ ಇರುವ ಕಾರ್ಡಿಗೆ ಹಕ್ಕಿದ್ದರೆ ಬಳಸಿಕೊಳ್ಳಿ. ಹೊರಡುವ ಮುಂಚೆ ಬ್ಯಾಂಕಿಗೆ ಫೋನು ಮಾಡಿ ಕೇಳಿ: ಜೊತೆಯವರಿಗೆ ಉಂಟೋ ಇಲ್ಲವೋ, ಮಗುವಿಗೆ ಎಷ್ಟು ವಯಸ್ಸಿನವರೆಗೆ ಹಣವಿಲ್ಲ, ಈ ಮೂರು ತಿಂಗಳ ಸರದಿ ಮುಗಿದಿದೆಯೇ. ಹೆಂಡತಿಯ ಹೆಸರಿಗೆ ಆಡ್-ಆನ್ ಕಾರ್ಡು ಕೊಟ್ಟರೆ ಕೆಲವು ಬ್ಯಾಂಕುಗಳು ಅದಕ್ಕೂ ಬೇರೆ ಪ್ರವೇಶ ಕೊಡುತ್ತವೆ, ಕೆಲವು ಕೊಡುವುದಿಲ್ಲ. ಮನೆಯಲ್ಲಿ ಮೂಲೆಗೆ ಬಿದ್ದಿರುವ ಡೆಬಿಟ್ ಕಾರ್ಡುಗಳನ್ನೂ ನೋಡಿ. ರುಪೇ ಪ್ಲಾಟಿನಂ ಎಂದು ಬರೆದಿದ್ದರೆ ವಿಚಾರಿಸಬಹುದು. ಕೂಸಿನ ವಯಸ್ಸಿನ ದಾಖಲೆ ಜೊತೆಗಿರಲಿ. ಕೇಳದೆ ಹೋಗಿ ಬಾಗಿಲಲ್ಲಿ ಮಗುವಿನ ಮುಂದೆ ತಲೆ ತಗ್ಗಿಸಬೇಡಿ, ನನ್ನ ಮಗ ತಗ್ಗಿಸಿದ್ದನ್ನು ನೋಡಿದ್ದೇನೆ. ಎಲ್ಲಕ್ಕಿಂತ ಸುಲಭವಾದುದು ಬುತ್ತಿ. ಚಪಾತಿ, ಪುಳಿಯೋಗರೆಗಳನ್ನು ಒಳಗೆ ಒಯ್ಯಲು ಅಡ್ಡಿಯಿಲ್ಲ. ಕೂಸಿನ ಹಾಲಿಗೂ ಅಡ್ಡಿಯಿಲ್ಲ.

ಲೌಂಜಿಗೆ ಮಕ್ಕಳನ್ನು ಬಿಡಲೇಬಾರದು, ಗಲಾಟೆ ಮಾಡುತ್ತವೆ ಎನ್ನುವ ಸಜ್ಜನರೂ ಇದ್ದಾರೆ. ಫೋನಿನಲ್ಲಿ ಷೇರು ಪೇಟೆಯ ಧಾರಣೆಯನ್ನು ಕೂಗಿ ಹೇಳುವ ಮಹಾಶಯನ ಗಲಾಟೆಗೆ ಅವರು ಯಾವ ವಯೋಮಿತಿ ಇಡುತ್ತಾರೆಂದು ಕೇಳಬೇಕು. ಮಕ್ಕಳು ಓಡಾಡದಂತೆ ನೋಡಿಕೊಳ್ಳುವುದು ನಮ್ಮ ಹೊಣೆ, ಅದು ಬೇರೆ ಮಾತು.

ಆದರೆ ಕಾರ್ಡಿಲ್ಲದ ತಾಯಿಯ ಗತಿಯೇನು? ರೈಲಿನಲ್ಲಿ ಮೂರನೆಯ ದರ್ಜೆ ಎಂಬ ಹೆಸರು 1974ರಲ್ಲಿ ಹೋಯಿತು. ಹೆಸರು ಹೋದರೂ ಹಲಗೆ ಉಳಿದಿತ್ತು. 1977ರಲ್ಲಿ ಸಮಾಜವಾದಿ ಮಧು ದಂಡವತೆಯವರು ರೈಲ್ವೆ ಮಂತ್ರಿಗಳಾದ ಮೇಲೆ ಎರಡನೆಯ ದರ್ಜೆಯ ಮರದ ಹಲಗೆಗೆ ಮೆತ್ತೆ ಬಂತು. ಅದಕ್ಕೆ ಯಾರೂ ಕಾರ್ಡು ತೋರಿಸಬೇಕಾಗಲಿಲ್ಲ. ಅದೇ ರೈಲಿನಲ್ಲಿ 2016ರ ಏಪ್ರಿಲ್ 21ರಿಂದ ಐದರಿಂದ ಹನ್ನೆರಡು ವರ್ಷದ ಮಗುವಿಗೆ ಬೇರೆ ಬರ್ತು ಬೇಕೆಂದರೆ ಪೂರ್ತಿ ದರ ಕೊಡಬೇಕಾಗಿ ಬಂತು. ಮಗುವಿನ ತಲೆಯನ್ನು ದೊಡ್ಡವರ ತಲೆಯೆಂದು ಎಣಿಸುವ ಲೆಕ್ಕ ಲೌಂಜಿನಲ್ಲಿ ಮಾತ್ರ ಇಲ್ಲ. 2024ರ ಡಿಸೆಂಬರಿನಲ್ಲಿ ಕೊಲ್ಕತ್ತದ ವಿಮಾನ ನಿಲ್ದಾಣದಲ್ಲಿ ಸರ್ಕಾರವೇ ಒಂದು ಕೆಫೆ ತೆರೆದು, ಚಹಾ ಹತ್ತು ರೂಪಾಯಿಗೆ, ನೀರು ಹತ್ತಕ್ಕೆ, ಸಮೋಸ ಇಪ್ಪತ್ತಕ್ಕೆ ಕೊಟ್ಟಿತು. ಅದು ಎಲ್ಲ ನಿಲ್ದಾಣಗಳಲ್ಲೂ, ಮಕ್ಕಳು ಮಲಗುವಷ್ಟು ಜಾಗದೊಂದಿಗೆ, ಬರಲಿ. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ರಾತ್ರಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತವರಿಗೂ ಬರಲಿ. ಅವರ ಸಂಖ್ಯೆ ವಿಮಾನದವರಿಗಿಂತ ದೊಡ್ಡದು.

ಕಾರ್ಡಿನ ಷರತ್ತುಗಳು ಸರಳ ಭಾಷೆಯಲ್ಲಿ, ಆದಷ್ಟು ಮಟ್ಟಿಗೆ ಸ್ಥಳೀಯ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನದಲ್ಲಿದೆ. ಕೇಳದೆ ಕಾರ್ಡು ಹೊರಿಸಿ ಹಣ ಹಾಕಿದರೆ ಆ ಹಣವನ್ನು ಬಿಟ್ಟು, ಅದರ ಎರಡರಷ್ಟು ದಂಡವನ್ನು ನಿಮಗೇ ಕೊಡಬೇಕೆಂದೂ ಇದೆ. ಷರತ್ತನ್ನು ಕನ್ನಡದಲ್ಲಿ ಕೊಡಿ, ಮಗುವಿನ ವಯಸ್ಸಿನ ನಿಯಮವನ್ನು ಮೊದಲ ಪುಟದಲ್ಲೇ ಬರೆಯಿರಿ ಎಂದು ಬ್ಯಾಂಕುಗಳಿಗೆ ಕಳಿಸುವ ಅರ್ಜಿಯೊಂದನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಓದಿ ಒಪ್ಪಿಗೆಯಾದವರು ಸಹಿ ಹಾಕಬಹುದು. ಕಾರ್ಡಿನ ಕಾಗದ ತಂದಿರುವವರು ಅಲ್ಲೇ ಕೂತಿರುವ ಇಬ್ಬರು ಹುಡುಗರಿಗೆ ಕೊಡಿ, ಓದಿ ಅರ್ಥ ಹೇಳುತ್ತಾರೆ. ಕಾರ್ಡಿನ ನಂಬರನ್ನು ಮಾತ್ರ ಯಾರಿಗೂ ಹೇಳಬೇಡಿ, ಆ ಹುಡುಗರಿಗೂ ಸಹ.