ತೂಕದ ಮುಳ್ಳು ನಿಂತಾಗ

(ಬೊಮ್ಮಸಂದ್ರ ವಲಯದ ಸ್ವಸಹಾಯ ಸಂಘಗಳ ಮಾಸಿಕ ಸಭೆಯಲ್ಲಿ ಸಿಸ್ಟರ್ ಅವರು ಆಡಿದ ಮಾತುಗಳ ಬರಹರೂಪ)

ಶಿಫ್ಟ್ ಮುಗಿಸಿ ಮನೆಗೂ ಹೋಗದೆ ನೇರವಾಗಿ ಇಲ್ಲಿಗೆ ಬಂದವರು ನಿಮ್ಮಲ್ಲಿ ಬಹಳ ಜನ ಇದ್ದೀರಿ, ಆದ್ದರಿಂದ ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಹೋದ ತಿಂಗಳು ಸಾಲ ಮರುಪಾವತಿಯ ಲೆಕ್ಕ ನೋಡಿದ್ದೆವು. ಇವತ್ತು ದೇಹದ ಲೆಕ್ಕ.

ನಮ್ಮ ಒಂದು ಸಂಘದ ಸದಸ್ಯೆ ಇಲ್ಲೇ ಕೈಗಾರಿಕಾ ಪ್ರದೇಶದಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಾರೆ. ಹೆಸರು ಹೇಳುವುದಿಲ್ಲ. "ಹೇಳಿ ಸಿಸ್ಟರ್, ಇನ್ನೊಬ್ಬರಿಗೆ ಉಪಯೋಗ ಆಗ್ಲಿ" ಅಂತ ಆಕೆಯೇ ಒಪ್ಪಿಗೆ ಕೊಟ್ಟಿದ್ದಾರೆ. ವಯಸ್ಸು ನಲವತ್ತು ದಾಟಿದೆ. ತೂಕ 112 ಕಿಲೋ ಇತ್ತು. ಸಕ್ಕರೆ ಕಾಯಿಲೆ, ಮಂಡಿ ನೋವು. ಡಾಕ್ಟರ ಸಲಹೆಯಂತೆ ಹೊಟ್ಟೆಯ ಗಾತ್ರ ಕಿರಿದು ಮಾಡುವ ಬೇರಿಯಾಟ್ರಿಕ್ ಆಪರೇಷನ್ ಮಾಡಿಸಿಕೊಂಡರು. ದುಡ್ಡಿಗೆ ಸ್ವಲ್ಪ ಉಳಿತಾಯ, ಸ್ವಲ್ಪ ಒಡವೆ, ಉಳಿದದ್ದು ಸಂಘದ ಸಾಲ. ಮೊದಲ ಎರಡು ವಾರದಲ್ಲಿ 7 ಕಿಲೋ ಇಳಿಯಿತು. ಮನೆಯವರಿಗೆಲ್ಲ ಸಂತೋಷ. ಮೂರನೇ ವಾರ ಮುಳ್ಳು 105ಕ್ಕೆ ನಿಂತಿತು. ನಾಲ್ಕನೇ ವಾರವೂ 105. ಒಂದು ದಿನವಂತೂ ಅರ್ಧ ಕಿಲೋ ಹೆಚ್ಚೇ ತೋರಿಸಿತು.

ಆಮೇಲೆ ಮಾತು ಶುರು. "ಹೊಟ್ಟೆ ಕತ್ತರಿಸಿಕೊಂಡ್ರೂ ಇಳೀಲಿಲ್ವಾ?" ಅಂತ ಪಕ್ಕದ ಮನೆಯವರು. "ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು" ಅಂತ ಅತ್ತೆ. ಸಂಘದಲ್ಲೂ ಇಬ್ಬರು ಮೂವರು ಸಾಲದ ಕಂತಿನ ಜೊತೆ ತೂಕವನ್ನೂ ವಿಚಾರಿಸತೊಡಗಿದರು. ಆಕೆ ಅಳುತ್ತಾ ನನಗೆ ಫೋನ್ ಮಾಡಿದರು. ನಾನು ಏನು ಹೇಳಿದೆ ಗೊತ್ತಾ? "ಇನ್ನೂ ಸ್ವಲ್ಪ ಕಡಿಮೆ ತಿಂದು ನೋಡಮ್ಮಾ" ಅಂದೆ. ಎಂ.ಎಸ್.ಡಬ್ಲ್ಯೂ. ಓದಿದವಳು, ಮೂವತ್ತು ವರ್ಷದಿಂದ ಜನರ ಮಧ್ಯೆ ಇರುವವಳು, ಗೊತ್ತಿಲ್ಲದ ವಿಷಯಕ್ಕೆ ಬಾಯಿ ಹಾಕಿದೆ. ಆಕೆ ಗಂಜಿ ತಿಳಿ, ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ನಾಲ್ಕನೇ ದಿನ ಬೊಮ್ಮಸಂದ್ರ ಮೆಟ್ರೊ ಸ್ಟೇಷನ್ನಿನ ಕೆಳಗೆ ತಲೆ ಸುತ್ತಿ ಬಿದ್ದರು. ಯಾರೋ ಪುಣ್ಯವಂತರು ಆಟೋ ಹತ್ತಿಸಿ ಕಳಿಸಿದರು. ಮರುದಿನ ನಾನೂ ಆಕೆಯ ಜೊತೆ ಆಹಾರ ತಜ್ಞೆಯ ಹತ್ತಿರ ಹೋದೆ. ಇಬ್ಬರಿಗೂ ಚೆನ್ನಾಗಿ ಬೈಗುಳ ಸಿಕ್ಕಿತು. ಅಲ್ಲಿ ಕಲಿತದ್ದನ್ನು, ಆಮೇಲೆ ಓದಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸೋಣ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಅದು ಚರ್ಮದ ಕೆಳಗಿನ ಕೊಬ್ಬನ್ನು ತೆಗೆಯುವ ಸೌಂದರ್ಯ ಚಿಕಿತ್ಸೆ. ನಾನು ಹೇಳುತ್ತಿರುವುದು ಬೇರೆ. ಇದರಲ್ಲಿ ಕೊಬ್ಬನ್ನು ಕತ್ತರಿಸಿ ತೆಗೆಯುವುದಿಲ್ಲ. ಸ್ಲೀವ್ ಎಂಬ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ತೆಗೆದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ ಉಳಿಸುತ್ತಾರೆ. ಬೈಪಾಸ್ ವಿಧಾನದಲ್ಲಿ ಸಣ್ಣ ಚೀಲ ಮಾಡಿ ಕರುಳಿಗೆ ಜೋಡಿಸುತ್ತಾರೆ. ಹಸಿವು ಕಡಿಮೆಯಾಗುತ್ತದೆ, ನಾಲ್ಕು ಚಮಚಕ್ಕೇ ಹೊಟ್ಟೆ ತುಂಬುತ್ತದೆ. ಕೊಬ್ಬು ಕರಗಿಸುವ ಕೆಲಸವನ್ನು ದೇಹವೇ ಮಾಡಬೇಕು, ಒಂದು ವರ್ಷದಿಂದ ಒಂದೂವರೆ ವರ್ಷ.

ಹಾಗಾದರೆ ಮೂರನೇ ವಾರ ಯಾಕೆ ನಿಲ್ಲುತ್ತದೆ? ನಿಮ್ಮ ಸಂಘದ ಪೆಟ್ಟಿಗೆಯಲ್ಲಿ ಕೈನಗದು ಇರುತ್ತದೆ, ಬ್ಯಾಂಕಿನಲ್ಲಿ ಠೇವಣಿ ಇರುತ್ತದೆ, ಅಲ್ವಾ? ತುರ್ತು ಬಂದರೆ ಮೊದಲು ಕೈ ಹಾಕುವುದು ಪೆಟ್ಟಿಗೆಗೆ. ದೇಹಕ್ಕೂ ಹಾಗೇ. ಯಕೃತ್ತು ಮತ್ತು ಮಾಂಸಖಂಡಗಳಲ್ಲಿ ಸುಮಾರು ಅರ್ಧ ಕಿಲೋದಷ್ಟು ಸಕ್ಕರೆಯ ದಾಸ್ತಾನು ಇರುತ್ತದೆ. ಅದಕ್ಕೆ ಗ್ಲೈಕೋಜನ್ ಎನ್ನುತ್ತಾರೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಆಪರೇಷನ್ ಆದ ಮೊದಲ ದಿನಗಳಲ್ಲಿ ತಿನ್ನುವುದು ಏನೇನೂ ಇಲ್ಲ. ದೇಹ ಈ ಕೈನಗದನ್ನು ಖಾಲಿ ಮಾಡುತ್ತದೆ, ನೀರೂ ಹೊರಟುಹೋಗುತ್ತದೆ. ಅಲ್ಲಿಗೇ ಒಂದೂವರೆ, ಎರಡು ಕಿಲೋ ಇಳಿಯಿತು. ಆಮೇಲೆ ದ್ರವ ಆಹಾರ ಬಿಟ್ಟು ಅರೆದ ಆಹಾರಕ್ಕೆ ಬಂದಾಗ ದೇಹ ಪೆಟ್ಟಿಗೆಯನ್ನು ಸ್ವಲ್ಪ ಸ್ವಲ್ಪ ತುಂಬಿಸಿಕೊಳ್ಳುತ್ತದೆ, ನೀರು ವಾಪಸ್ ಬರುತ್ತದೆ.

ಇದೇ ಹೊತ್ತಿಗೆ ಠೇವಣಿ, ಅಂದರೆ ಕೊಬ್ಬು, ಕರಗುತ್ತಲೇ ಇರುತ್ತದೆ. ಲೆಕ್ಕ ಮಾಡಿ ನೋಡಿ. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಖರ್ಚಾಗಬೇಕು. ದಿನಕ್ಕೆ 1,800 ಬೇಕಾದ ದೇಹಕ್ಕೆ 700 ಸಿಕ್ಕಿದರೆ 1,100 ಕೊರತೆ. ಏಳು ದಿನಕ್ಕೆ 7,700. ವಾರಕ್ಕೆ ಒಂದು ಕಿಲೋ ಕೊಬ್ಬು ಹೋಯಿತು, ಒಂದು ಕಿಲೋ ನೀರು ಬಂತು. ತಕ್ಕಡಿಗೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ, ಅದು 105 ಅಂತಲೇ ಹೇಳುತ್ತದೆ. ಮುಟ್ಟಿನ ದಿನಗಳಲ್ಲಿ, ಮಲಬದ್ಧತೆ ಇದ್ದಾಗ, ಉಪ್ಪು ಜಾಸ್ತಿಯಾದಾಗ ಕೂಡ ಹೀಗೇ ಆಗುತ್ತದೆ. ಒಂದರಿಂದ ಮೂರು ವಾರ ನಿಲ್ಲುವುದು ಬಹಳ ಜನರಲ್ಲಿ ಕಾಣುವ ಸಂಗತಿ. ಆಪರೇಷನ್ ಕೆಟ್ಟಿದೆ ಅಂತಲ್ಲ, ಆಕೆ ಕದ್ದು ತಿಂದಿದ್ದಾಳೆ ಅಂತಲೂ ಅಲ್ಲ. ಅತ್ತೆಯಂದಿರು ಇಲ್ಲಿದ್ದರೆ ಇದನ್ನು ದಯವಿಟ್ಟು ಕೇಳಿಸಿಕೊಳ್ಳಿ.

ಈ ಹೊತ್ತಿನಲ್ಲಿ ಮಾಡಬಾರದ ಕೆಲಸವೆಂದರೆ ನಾನು ಹೇಳಿದ ಕೆಲಸ, ಉಪವಾಸ. ದೇಹಕ್ಕೆ ಸಾಕಷ್ಟು ಪ್ರೋಟೀನ್ ಸಿಗದಿದ್ದರೆ ಅದು ಮಾಂಸಖಂಡವನ್ನೇ ಒಡೆದುಕೊಳ್ಳುತ್ತದೆ. ಮಾಂಸಖಂಡ ಕರಗಿದರೆ ಶಕ್ತಿ ಉರಿಸುವ ಒಲೆಯೇ ಸಣ್ಣದಾದ ಹಾಗೆ. ವರಮಹಾಲಕ್ಷ್ಮಿ ವ್ರತ, ರಂಜಾನ್, ನಮ್ಮ ತಪಸ್ಸು ಕಾಲ, ಯಾವುದೇ ಇರಲಿ, ಕಾಯಿಲೆಯವರಿಗೆ ಎಲ್ಲ ಧರ್ಮದಲ್ಲೂ ವಿನಾಯಿತಿ ಇದೆ, ಬಳಸಿಕೊಳ್ಳಿ. ಪಕ್ಕದ ಬೀದಿಯವರು ಮಾರುವ ತೂಕ ಇಳಿಸುವ ಪುಡಿ, ಭೇದಿ ಮಾತ್ರೆ ಹತ್ತಿರವೂ ಬರಬಾರದು.

ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು ಎನ್ನುತ್ತಾರೆ. ಸಣ್ಣ ಹೊಟ್ಟೆಯಲ್ಲಿ ಇದು ಸುಲಭವಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. 100 ಗ್ರಾಂ ಒಣ ಹೆಸರುಕಾಳಿನಲ್ಲಿ 24, ಹುರುಳಿಕಾಳಿನಲ್ಲಿ 22, ರಾಗಿ ಹಿಟ್ಟಿನಲ್ಲಿ ಬರೀ 7. ನಾವು ಆನೇಕಲ್ ಕಡೆಯವರು ಮುದ್ದೆ ಬಿಡುವವರಲ್ಲ, ನನಗೂ ಮುದ್ದೆ ಇಷ್ಟ, ಆದರೆ ಈ ತಿಂಗಳುಗಳಲ್ಲಿ ತಟ್ಟೆಯಲ್ಲಿ ಮೊದಲು ಹೊಟ್ಟೆಗೆ ಹೋಗಬೇಕಾದ್ದು ಕಾಳು, ಮೊಟ್ಟೆ, ಮೊಸರು, ಮೀನು. ಜಾಗ ಉಳಿದರೆ ಮುದ್ದೆ. ಅದೂ ಡಾಕ್ಟರು ಗಟ್ಟಿ ಆಹಾರಕ್ಕೆ ಒಪ್ಪಿಗೆ ಕೊಟ್ಟ ಮೇಲೆ. ಮುದ್ದೆ ನುಂಗಿ ಅಭ್ಯಾಸ ಆದವರಿಗೆ ಚೆನ್ನಾಗಿ ಅಗಿದು ತಿನ್ನಿ ಅಂದರೆ ನಗು ಬರುತ್ತದೆ, ಆದರೂ ಅಗಿಯಲೇಬೇಕು. ನೀರು ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್, ಗುಟುಕು ಗುಟುಕಾಗಿ. ಊಟದ ಜೊತೆ ಬೇಡ, ಊಟ ಆಗಿ ಅರ್ಧ ಗಂಟೆ ಬಿಟ್ಟು. ಫ್ಯಾಕ್ಟರಿಯಲ್ಲಿ ಟಾಯ್ಲೆಟ್‌ಗೆ ಬಿಡೋದಿಲ್ಲ ಅಂತ ನೀರು ಕುಡಿಯದೆ ಇರುವವರು ನೀವು, ನನಗೆ ಗೊತ್ತು. ಡಾಕ್ಟರ ಚೀಟಿ ತೋರಿಸಿ ಸೂಪರ್‌ವೈಸರ್ ಹತ್ತಿರ ಮಾತಾಡಿ. ಬೇಕಿದ್ದರೆ ನಾನೂ ಬರುತ್ತೇನೆ.

ತೂಕ ನೋಡುವುದು ವಾರಕ್ಕೆ ಒಂದೇ ಸಲ. ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಒಂದೇ ಮಿಷನ್. ಈಕೆ ದಿನಕ್ಕೆ ಮೂರು ಸಲ, ಮೂರು ಕಡೆ ಹತ್ತಿ ಇಳಿಯುತ್ತಿದ್ದರು! ನಮ್ಮ ಹೊಲಿಗೆ ತರಗತಿಯ ಟೇಪು ಹಿಡಿದು ಸೊಂಟ ಅಳೆದೆವು. ಆಪರೇಷನ್‌ಗೆ ಮುಂಚೆ ಬರೆದಿಟ್ಟ ಅಳತೆಯೂ ಇತ್ತು. ಮೂರನೇ ವಾರದ ಹೊತ್ತಿಗೆ ತೆಗೆದದ್ದೂ ಇತ್ತು. ಮುಳ್ಳು ನಿಂತ ದಿನಗಳಲ್ಲೇ ಒಂದೂವರೆ ಇಂಚು ಇಳಿದಿತ್ತು. ಆಕೆ ಆ ಟೇಪನ್ನೇ ನೋಡುತ್ತಾ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಡಿಗೆ ಬಿಡಬೇಡಿ. ಆದರೆ ಡಾಕ್ಟರು ಹೇಳುವ ತನಕ ಸಿಲಿಂಡರ್, ತುಂಬಿದ ಕೊಡ, ಭಾರದ ಬಾಕ್ಸ್ ಎತ್ತಬೇಡಿ. ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ತೂಕ ಇಳಿದ ಮೇಲೂ ಜೀವನಪೂರ್ತಿ. ಮೂರನೇ ತಿಂಗಳಿಂದ ಕೂದಲು ಉದುರಿದರೆ ಹೆದರಬೇಡಿ, ಬಹುತೇಕ ಮತ್ತೆ ಬರುತ್ತದೆ. ಮೊದಲ ಒಂದು, ಒಂದೂವರೆ ವರ್ಷ ಗರ್ಭ ಧರಿಸಬಾರದು, ಇದನ್ನು ಗಂಡನಿಗೂ ತಿಳಿಸಿ. ಸಕ್ಕರೆ, ಬಿ.ಪಿ. ಮಾತ್ರೆಯ ಪ್ರಮಾಣ ಬದಲಾಗಬೇಕಾಗುತ್ತದೆ, ಹಳೇ ಚೀಟಿಯಂತೆ ನುಂಗುತ್ತಾ ಹೋಗಬೇಡಿ. ಆಕೆಗೆ ತಲೆ ಸುತ್ತಿದ್ದರಲ್ಲಿ ಇದರ ಪಾಲೂ ಇತ್ತು. ನೋವಿನ ಮಾತ್ರೆಯನ್ನು ಅಂಗಡಿಯಿಂದ ಕೇಳಿ ತರಬೇಡಿ.

ತೂಕ ನಿಂತು ನಾಲ್ಕು ವಾರ ದಾಟಿದರೆ ಆಹಾರ ತಜ್ಞರನ್ನು ಕಾಣಿ. ವಾಂತಿ ನಿಲ್ಲದಿದ್ದರೆ, ನೀರೂ ಇಳಿಯದಿದ್ದರೆ, ಜ್ವರ, ಎದೆ ಬಡಿತ ಜೋರು, ಹೊಟ್ಟೆ ನೋವು ಹೆಚ್ಚುತ್ತಿದ್ದರೆ, ಮಲ ಕಪ್ಪಗಾದರೆ, ನಾಳೆ ನೋಡೋಣ ಅನ್ನಬೇಡಿ, ಅದೇ ಗಳಿಗೆ ಆಪರೇಷನ್ ಮಾಡಿದ ಆಸ್ಪತ್ರೆಗೆ ಹೋಗಿ.

ಸಂಘದವರಿಗೆ ಒಂದು ಮಾತು. ಸಾಲ ಕೊಟ್ಟಿದ್ದೀರಿ, ಕಂತು ಕೇಳುವ ಹಕ್ಕು ನಿಮ್ಮದು. ತೂಕ ಕೇಳುವ ಹಕ್ಕು ಅದರ ಜೊತೆ ಬರುವುದಿಲ್ಲ.

ಹಿಂದೆ ಕೂತ ಅಕ್ಕ ಒಬ್ಬರು ಕೈ ಎತ್ತಿ, "ಈಗ ಆಕೆ ಎಷ್ಟಿದ್ದಾರೆ ಸಿಸ್ಟರ್?" ಅಂತ ಕೇಳುತ್ತಿದ್ದಾರೆ. ಈಗ ತಾನೇ ಹೇಳಿದೆ ನೋಡಿ! ಇರಲಿ, ಆಕೆ ಒಪ್ಪಿಗೆ ಕೊಟ್ಟಿದ್ದಾರೆ. ಐದನೇ ವಾರದ ಕೊನೆಗೆ 103 ಆಯಿತು. ಆರು ತಿಂಗಳಾದ ಮೇಲೆ 88. ಮಧ್ಯೆ ನಾಲ್ಕನೇ ತಿಂಗಳಲ್ಲಿ ಮತ್ತೆ ಎರಡು ವಾರ ನಿಂತಿತ್ತಂತೆ. ಆಗ ಆಕೆ ನನಗೆ ಫೋನೇ ಮಾಡಲಿಲ್ಲ.