ಕಾಲು ಹಾರ್ಮೋನಿಯಂ

ಮೂಕಿಚಿತ್ರಗಳ ಕಾಲದಲ್ಲಿ ಪಾಶ್ಚಾತ್ಯರು ತಮ್ಮ ಚಿತ್ರಮಂದಿರಗಳಲ್ಲಿ ನಿಲ್ಲಿಸಿದ್ದ ಭಾರಿ ಕೊಳವೆ ಆರ್ಗನ್‌ಗಳನ್ನು ಅಲ್ಲಿನ ಹವ್ಯಾಸಿಗಳು ರಜಾದಿನಗಳನ್ನೆಲ್ಲ ವ್ಯಯಿಸಿ ಸರಿಪಡಿಸುತ್ತಾರೆಂದು ಓದಿದ್ದೇನೆ. ನಮ್ಮ ರಂಗಭೂಮಿಗೆ ಅಂತಹ ವೈಭವವೆಲ್ಲಿಯದು? ನಮಗಿದ್ದುದು ಕಾಲು ಹಾರ್ಮೋನಿಯಂ. 1842ರಲ್ಲಿ ಪ್ಯಾರಿಸಿನ ದೆಬೆಯ್ನ್ ಎಂಬಾತ ಹಕ್ಕುಪತ್ರ ಪಡೆದ ವಾದ್ಯ, ಸಮುದ್ರ ದಾಟಿ ಬಂದು ಕಂಪನಿ ನಾಟಕಗಳ ರಂಗದ ಮುಂದೆ ಕುಳಿತುಬಿಟ್ಟಿತು. ಗುಬ್ಬಿ ವೀರಣ್ಣನವರ ಕಂಪನಿಯಂತಹ ಮಂಡಳಿಗಳ ಕಾಲದಲ್ಲಿ ಹಾರ್ಮೋನಿಯಂ ಮಾಸ್ತರರಿಗೆ ನಾಯಕ ನಟನಷ್ಟೇ ಮನ್ನಣೆ. ತಿದಿಯನ್ನು ಪಾದಗಳು ಒತ್ತುವುದರಿಂದ ಎರಡು ಕೈಗಳೂ ಸ್ವರಗಳಿಗೇ ಮೀಸಲು.

ಗಮಕಕ್ಕೆ ಒಗ್ಗದ ವಾದ್ಯವೆಂಬ ಆಕ್ಷೇಪವೇನೋ ಇದ್ದೇ ಇತ್ತು. 1940ರಲ್ಲಿ ರೇಡಿಯೋ ಕೂಡ ಇದಕ್ಕೆ ಬಾಗಿಲು ಮುಚ್ಚಿತು. ಮತ್ತೆ ತುಸು ತೆರೆದದ್ದು 1971ರಲ್ಲಿ. ಅದೇ ರೇಡಿಯೋದಲ್ಲಿ ಕುಳಿತು ಇಂದು ನಾನು ಅದರ ಪರ ವಕಾಲತ್ತು ವಹಿಸುತ್ತಿರುವುದು ಕಾಲಮಹಿಮೆಯೇ ಸರಿ.

ಸುಳ್ಯದ ಬಳಿಯ ಅಜ್ಜಾವರದ ಒಂದು ಮನೆಯ ಅಟ್ಟದಲ್ಲಿ, ಅಡಿಕೆಯ ಗೋಣಿಗಳ ಹಿಂದೆ, ಇಂತಹದೊಂದು ಪೆಟ್ಟಿಗೆ ಇತ್ತು. ಆ ಮನೆಯ ಹಿರಿಯರು ತಾರುಣ್ಯದಲ್ಲಿ ಊರೂರು ಅಲೆದು ಅದನ್ನು ನುಡಿಸಿದವರು. "ನನ್ನ ಕಿವಿ ಪೂರ್ತಿ ಹೋಗುವ ಮೊದಲು ಇದೊಮ್ಮೆ ಮಾತಾಡಲಿ, ಮಾಷ್ಟ್ರೇ" ಎಂದರು. ಒಪ್ಪಿಕೊಂಡೆ.

ಬಿಚ್ಚಿ ನೋಡಿದರೆ ತಿದಿಯ ತೊಗಲನ್ನು ಇಲಿಗಳು ತಿಂದು ಮುಗಿಸಿದ್ದವು. ನಮ್ಮ ಸೀಮೆಯ ಮಳೆಗೆ ಮರ ಉಬ್ಬಿ, ಒತ್ತಿದ ಮನೆಗಳು ಮೇಲೇಳುತ್ತಿರಲಿಲ್ಲ. ಊರ ಬಡಗಿಯೊಬ್ಬರು ಜೊತೆಯಾದರು. ಹೊಸ ಆಡಿನ ತೊಗಲನ್ನು ಮರವಜ್ರದಿಂದ ಅಂಟಿಸಿದೆವು. ಎಲ್ಲಿ ಗಾಳಿ ಸೋರುತ್ತಿದೆಯೆಂದು ಊದುಬತ್ತಿಯ ಹೊಗೆ ಹಿಡಿದು ಹುಡುಕಿದೆವು. ಹಿತ್ತಾಳೆಯ ರೀಡುಗಳನ್ನು ಒಂದೊಂದಾಗಿ ತೆಗೆದು ಕಿಲುಬು ಒರೆಸುವುದರಲ್ಲಿಯೇ ಎರಡು ತಿಂಗಳು ಕಳೆಯಿತು. ಒಂದು ಕೂದಲೆಳೆ ಸಿಕ್ಕಿಕೊಂಡರೂ ಸಾಕು, ಆ ನಾಲಗೆ ಕಂಪಿಸದು.

ನಿಜವಾದ ಇಕ್ಕಟ್ಟು ಎದುರಾದದ್ದು ಶ್ರುತಿಯಲ್ಲಿ. ಪೆಟ್ಟಿಗೆಯ ಸ್ಥಾಯಿ ಇಂದಿನ ವಾದ್ಯಗಳಿಗಿಂತ ತುಸು ಮೇಲಿತ್ತು. ಭಜನಾ ಮಂಡಳಿಯ ತರುಣರಿಗೆ ಅದನ್ನು ತಮ್ಮ ಕರಿ ಒಂದಕ್ಕೆ ಹೊಂದಿಸಿಕೊಳ್ಳುವ ಆಸೆ. ಬಳಕೆಯಲ್ಲಿದ್ದರೆ ತಾನೇ ವಾದ್ಯ ಉಳಿಯುವುದು ಎಂಬ ಅವರ ವಾದ ಸುಳ್ಳಲ್ಲ. ರೀಡನ್ನು ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಆದರೆ ಕೆರೆದ ಹಿತ್ತಾಳೆಯನ್ನು ಮರಳಿ ಹಚ್ಚುವ ವಿದ್ಯೆ ಯಾರಿಗೂ ತಿಳಿಯದು. ಎಲ್ಲ ರೀಡುಗಳ ಬುಡ ತೆಳುವಾದರೆ, ಈ ಹಿರಿಯರು ನುಡಿಸಿದ್ದ ಪೆಟ್ಟಿಗೆ ಅದಾಗಿ ಉಳಿದೀತೆ? ತಮ್ಮಲ್ಲೇ ಅಪಸ್ವರ ನುಡಿಯುತ್ತಿದ್ದ ನಾಲ್ಕನ್ನು ಮಾತ್ರ ಸರಿಪಡಿಸಿ, ಉಳಿದುದನ್ನು ಇದ್ದಂತೆಯೇ ಬಿಟ್ಟೆ. ತರುಣರು ಮುನಿಸಿಕೊಂಡರು, ಅವರಿಗೆ ಬೇರೆ ಹಾರ್ಮೋನಿಯಂ ಸಿಕ್ಕೀತು.

ಶ್ರಾವಣದ ಒಂದು ಸಂಜೆ ಹಿರಿಯರನ್ನು ಕೂರಿಸಿದೆವು. ಅವರಿಗೆ ಕೇಳಿಸಿತೋ ಇಲ್ಲವೋ, ಎಡಗೈಯನ್ನು ಮರದ ಮೇಲಿಟ್ಟು ಕಂಪನವನ್ನು ನೋಡಿಕೊಳ್ಳುತ್ತ, ಬಲಗೈಯಲ್ಲಿ ಬಹಳ ಹೊತ್ತು ನುಡಿಸಿದರು. ಬಳಿಕ ನನ್ನತ್ತ ತಿರುಗಿ, ಮಧ್ಯಸ್ಥಾಯಿಯ ಪಂಚಮ ಇನ್ನೂ ಅಂಟುತ್ತಿದೆಯೆಂದರು. ನಿಜ, ಅಂಟುತ್ತದೆ. ಮಳೆ ಬಿಟ್ಟು ಮರ ಒಣಗಿದ ಮೇಲೆ ನೋಡಬೇಕಾಗಿದೆ.